ಡಿಕ್ಕಿಗೆ ಹಗ್ಗ ಕಟ್ಟುವ ಮೊದಲು

ನಮ್ಮ ಗ್ಯಾಂಗಿನಲ್ಲಿ ಒಬ್ಬನ ಊರು ಕನಮಡಿ. ವಿಜಯಪುರದಿಂದ ಟಿಕೋಟಾ ದಾಟಿ ಮಹಾರಾಷ್ಟ್ರ ಗಡಿಯ ಕಡೆ ಹೋದರೆ ಸಿಗುತ್ತೆ. ಅವನ ಕಾಕಾ ಹತ್ತಿರ ಕಾರ್ಬುರೇಟರ್ ಕಾಲದ ಒಂದು ಮಾರುತಿ 800 ಇದೆ. ಎಂಜಿನ್ 796 ಸಿಸಿ, ಮೂರೇ ಸಿಲಿಂಡರ್. ಆದರೆ ಸೈಲೆನ್ಸರ್ ತೂತು ಬಿದ್ದು ಹೊರಡೋ ಸದ್ದಿಗೆ ನಾವು ಅದಕ್ಕೆ ‘ಸ್ಪೋರ್ಟ್ಸ್ ಕಾರ್’ ಅಂತಲೇ ಹೆಸರಿಟ್ಟಿದ್ದೇವೆ.

ಈ ಸಲ ರಜೆಗೆ ಹೋದಾಗ ಅದರ ಡಿಕ್ಕಿ ಬಾಗಿಲು ನಿಲ್ಲುತ್ತಿರಲಿಲ್ಲ. ಒತ್ತಿದರೆ ಕೂತ ಹಾಗೆ ಅನಿಸುತ್ತೆ, ಗಾಡಿ ಒಂದು ಗುಂಡಿಗೆ ಇಳಿದರೆ ಸಾಕು, ಎದ್ದು ನಿಲ್ಲುತ್ತೆ. ಕಾಕಾ ಎರಡು ತಿಂಗಳಿಂದ ಹಗ್ಗ ಕಟ್ಟಿಕೊಂಡೇ ಒಣದ್ರಾಕ್ಷಿ ಬಾಕ್ಸ್ ಒಯ್ಯುತ್ತಿದ್ದರು. “ಹಗ್ಗ ಗಟ್ಟಿ ಐತಿ ತಮ್ಮಾ, ಇದಕ್ಕ ನಿಮ್ಮ ಇಂಜಿನಿಯರಿಂಗ್ ಏನೂ ಬ್ಯಾಡ” ಅಂದರು.

ಹಗ್ಗ ಗಟ್ಟಿ ಇತ್ತು, ನಿಜ. ತೊಂದರೆ ಹಗ್ಗದ್ದಲ್ಲ, ಸಂದಿಯದ್ದು. ಹಿಂಭಾಗ ಕತ್ತರಿಸಿದಂತೆ ಇರೋ ಕಾರು ಓಡುವಾಗ ಅದರ ಬೆನ್ನ ಹಿಂದೆ ಕಡಿಮೆ ಒತ್ತಡದ ಜಾಗ ಉಂಟಾಗುತ್ತೆ. ಗಾಳಿ ಅಲ್ಲೇ ಸುತ್ತು ಹೊಡೆಯುತ್ತೆ, ಹೊಗೆ ಕೂಡ. ಡಿಕ್ಕಿ ನಾಲ್ಕು ಬೆರಳು ತೆರೆದಿದ್ದರೆ ಆ ಹೊಗೆ ಒಳಗೆ ಬರುತ್ತೆ. ಅದರಲ್ಲಿರೋ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಅದು ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತೆ. ಸೈಲೆನ್ಸರ್ ಬೇರೆ ತೂತು. ಕಾಕಿಗೆ ಪೇಟೆಗೆ ಹೋಗಿ ಬಂದಾಗೆಲ್ಲ ತಲೆನೋವು ಬರ್ತಿತ್ತಂತೆ, ಎಲ್ಲರೂ ಬಿಸಿಲು ಅಂದುಕೊಂಡಿದ್ದರು. ಬಿಸಿಲೇ ಇರಬಹುದು. ಆದರೆ ಆ ಮಾತು ಕೇಳಿದ ಮೇಲೆ ನಾವು ಸುಮ್ಮನೆ ಕೂರಲಿಲ್ಲ. ಡಿಕ್ಕಿ ತೆರೆದೇ ಓಡಿಸಲೇಬೇಕಾಗಿ ಬಂದರೆ ಮುಂದಿನ ಕಿಟಕಿಗಳನ್ನು ಪೂರ್ತಿ ಇಳಿಸಿ, ಡ್ಯಾಶ್‌ಬೋರ್ಡಿನ ಗಾಳಿಕಿಂಡಿ ತೆರೆದಿಡಬೇಕು.

ಈಗ ಲ್ಯಾಚ್ ವಿಷಯ. ಒಂದು ಕಡೆ ಲ್ಯಾಚ್, ಎದುರು ಕಡೆ ‘ಸ್ಟ್ರೈಕರ್’ ಅನ್ನೋ ಗಟ್ಟಿ ಕಬ್ಬಿಣದ ಬಳೆ. ಬಾಗಿಲಲ್ಲಿ ಯಾವುದು, ಬಾಡಿಯಲ್ಲಿ ಯಾವುದು ಅನ್ನೋದು ಕಾರಿನಿಂದ ಕಾರಿಗೆ ಬೇರೆ. ಲ್ಯಾಚಿನೊಳಗೆ ಮುಖ್ಯವಾಗಿ ಎರಡೇ ತುಂಡು. ಮೊದಲನೆಯದು ತಿರುಗುವ ಕೊಕ್ಕೆ. ಬಾಗಿಲು ಬಡಿದಾಗ ಸ್ಟ್ರೈಕರ್ ಅದನ್ನು ತಳ್ಳುತ್ತೆ, ಕೊಕ್ಕೆ ತಿರುಗಿ ಸ್ಟ್ರೈಕರನ್ನು ತಬ್ಬಿಕೊಳ್ಳುತ್ತೆ. ಎರಡನೆಯದು ಕ್ಲಾಸಿನಲ್ಲಿ ರ‍್ಯಾಚೆಟ್ ಜೊತೆ ಬರುತ್ತಲ್ಲ, ಅದೇ ‘ಪಾಲ್’. ಸಣ್ಣ ಸ್ಪ್ರಿಂಗ್ ಅದನ್ನು ಕೊಕ್ಕೆಯ ಕಚ್ಚಿನೊಳಗೆ ಬೀಳಿಸುತ್ತೆ, ಕೊಕ್ಕೆ ಮತ್ತೆ ಹಿಂದೆ ತಿರುಗೋ ಹಾಗಿಲ್ಲ. ಕೀಲಿ ತಿರುಗಿಸಿದರೆ ಅಥವಾ ಸೀಟಿನ ಪಕ್ಕದ ಲಿವರ್ ಎಳೆದರೆ ಪಾಲ್ ಕಚ್ಚಿನಿಂದ ಈಚೆ ಬರುತ್ತೆ, ಬಾಗಿಲು ತೆರೆಯುತ್ತೆ. ‘ಟಕ್’ ಅಂತ ನಾವು ಕೇಳೋ ಸದ್ದು ಪಾಲ್ ಕಚ್ಚಿಗೆ ಬಿದ್ದದ್ದು. ನಮ್ಮ ಸ್ಪೋರ್ಟ್ಸ್ ಕಾರಿನಲ್ಲಿ ಆ ಟಕ್ ಇರಲಿಲ್ಲ, ‘ದಪ್’ ಅಂತ ಇತ್ತು. ಅಲ್ಲೇ ತಿಳಿಯಬೇಕಿತ್ತು, ತಿಳಿಯಲಿಲ್ಲ.

ನಾವು ಮಾಡಿದ ಮೊದಲ ಕೆಲಸವೇ ತಪ್ಪು. ಬಾಗಿಲು ಸರಿ ಕೂರುತ್ತಿಲ್ಲ ಅಂತ ಸೀದಾ ಸ್ಟ್ರೈಕರಿನ ಬೋಲ್ಟ್ ಸಡಿಲ ಮಾಡಿ ಆಚೆ ಈಚೆ ಸರಿಸಿದೆವು. ಮೊದಲು ಎಲ್ಲಿತ್ತು ಅನ್ನೋ ಗುರುತೇ ಹೋಯಿತು. ಅದನ್ನು ವಾಪಸ್ ಜಾಗಕ್ಕೆ ತರೋದರಲ್ಲಿ ಒಂದು ಮಧ್ಯಾಹ್ನ ಕಳೆಯಿತು. ಬೋಲ್ಟ್ ಮುಟ್ಟುವ ಮೊದಲು ಸ್ಟ್ರೈಕರಿನ ಸುತ್ತ ಮಾರ್ಕರ್‌ನಿಂದ ಗೆರೆ ಎಳೆಯಿರಿ. ಹತ್ತು ಸೆಕೆಂಡಿನ ಕೆಲಸ.

ಸರಿಯಾದ ಪರೀಕ್ಷೆ ಬಾಗಿಲು ತೆರೆದಿಟ್ಟು ಮಾಡೋದು. ಸ್ಕ್ರೂಡ್ರೈವರನ್ನೇ ಸ್ಟ್ರೈಕರ್ ಅಂದುಕೊಂಡು ಕೊಕ್ಕೆಯೊಳಗೆ ಒತ್ತಿ ತಿರುಗಿಸಬೇಕು. ಕೊಕ್ಕೆ ಹಿಡಿದು ನಿಂತರೆ ಲ್ಯಾಚ್ ಚೆನ್ನಾಗಿದೆ, ದೋಷ ಸ್ಟ್ರೈಕರಿನ ಜಾಗದಲ್ಲೋ ಬಾಗಿಲ ಸುತ್ತಲಿನ ರಬ್ಬರಿನಲ್ಲೋ ಇದೆ. ಹಿಡಿಯದಿದ್ದರೆ ದೋಷ ಲ್ಯಾಚಿನ ಕಡೆ. ಹಿಡಿದು, ಲಿವರ್ ಎಳೆದರೂ ಬಿಡದಿದ್ದರೆ ಕೇಬಲ್ ನೋಡಿ. ಒಂದು ಎಚ್ಚರಿಕೆ: ಪರೀಕ್ಷೆ ಮುಗಿದ ಮೇಲೆ ಕೊಕ್ಕೆಯನ್ನು ಬಿಡಿಸಿಯೇ ಬಾಗಿಲು ಮುಚ್ಚಬೇಕು. ಮುಚ್ಚಿಕೊಂಡ ಕೊಕ್ಕೆಯ ಮೇಲೆ ಬಾಗಿಲು ಬಡಿದರೆ ಏನಾದರೊಂದು ಬಾಗುತ್ತೆ. ನಮ್ಮಲ್ಲೊಬ್ಬ ಬಡಿಯೋಕೆ ಹೋಗಿ ಕಾಕಾನ ಕೈಲಿ ಬೈಸಿಕೊಂಡ.

ನಮ್ಮ ಕೊಕ್ಕೆ ಹಿಡಿಯಲಿಲ್ಲ. ಲ್ಯಾಚ್ ಬಿಚ್ಚಿ ನೋಡಿದರೆ ಹಳೆ ಗ್ರೀಸ್ ಮತ್ತು ಎರಿ ಮಣ್ಣಿನ ಧೂಳು ಸೇರಿ ಕಪ್ಪು ಹಿಟ್ಟಿನಂತೆ ಆಗಿತ್ತು. ಸೀಮೆಎಣ್ಣೆ, ಹಳೆ ಟೂತ್‌ಬ್ರಷ್ ಹಿಡಿದು ತೊಳೆದು ಒಣಗಿಸಿದೆವು. ಕೈಯಲ್ಲಿ ಹಿಡಿದು ನೋಡಿದರೆ ಟಕ್ ಅಂತು! ವಾಪಸ್ ಕೂರಿಸಿ ಕೇಬಲ್ ಸಿಕ್ಕಿಸಿದೆವು, ಮತ್ತೆ ದಪ್.

ಹಾಗಾದರೆ ಕೇಬಲ್‌ದೇ ಕಿತಾಪತಿ. ಇದು ಸೈಕಲ್ ಬ್ರೇಕಿನ ಕೇಬಲ್ ಥರದ್ದೇ, ಕವಚದೊಳಗೆ ಓಡಾಡುವ ತಂತಿ. ಒಳಗೆ ತುಕ್ಕು ಹಿಡಿದು, ಎಳೆದ ತಂತಿ ಪೂರ್ತಿ ವಾಪಸ್ ಹೋಗುತ್ತಿರಲಿಲ್ಲ. ಲಿವರ್ ಬಿಟ್ಟರೂ ಪಾಲ್ ಸ್ವಲ್ಪ ಎಳೆದುಕೊಂಡೇ ಇರುತ್ತಿತ್ತು, ಅಂಚಿಗಷ್ಟೇ ತಾಗುತ್ತಿತ್ತು. ಅಂಚಿನ ಮೇಲೆ ನಿಂತದ್ದು ಗುಂಡಿ ಬಂದರೆ ಜಾರಲೇಬೇಕಲ್ಲ. ಹೊಸ ಲ್ಯಾಚ್ ತಂದು ಹಾಕಿದ್ದರೂ ಇದೇ ಆಗ್ತಿತ್ತು, ದುಡ್ಡು ದಂಡ. ವಿಜಯಪುರದಿಂದ ಹೊಸ ಕೇಬಲ್ ತಂದು, ಲಿವರ್ ಬಿಟ್ಟಾಗ ತಂತಿಯಲ್ಲಿ ಒಂದಿಷ್ಟು ಸಡಿಲ ಉಳಿಯುವಂತೆ ಕೂರಿಸಿದೆವು. ಲ್ಯಾಚಿಗೆ ಬಿಳಿ ಲಿಥಿಯಂ ಗ್ರೀಸ್, ಕಡಲೆಕಾಳಿನಷ್ಟು ಸಾಕು. ಕೀಲಿ ತೂತಿಗೆ ಮಾತ್ರ ಗ್ರೀಸ್ ಬೇಡ, ಧೂಳು ಹಿಡಿಯುತ್ತೆ, ಅಲ್ಲಿಗೆ ಗ್ರ್ಯಾಫೈಟ್ ಪುಡಿ.

ನಿಜವಾದ ಸ್ಪೋರ್ಟ್ಸ್ ಕಾರಿನವರ ಗೋಳು ಬೇರೆ. ಕೆಲವು ಪೋರ್ಶೆ ಕಾರುಗಳಲ್ಲಿ ಬ್ಯಾಟರಿ ಮುಂದಿನ ಡಿಕ್ಕಿಯೊಳಗಿದೆ, ಆ ಡಿಕ್ಕಿಯ ಲ್ಯಾಚ್ ತೆರೆಯೋಕೆ ಕರೆಂಟ್ ಬೇಕು. ಬ್ಯಾಟರಿ ಸತ್ತರೆ ಬ್ಯಾಟರಿಯನ್ನೇ ಮುಟ್ಟೋಕಾಗಲ್ಲ. ಅದಕ್ಕೇ ಫ್ಯೂಸ್ ಬಾಕ್ಸಿನಲ್ಲಿ ಹೊರಗಿನಿಂದ 12 ವೋಲ್ಟ್ ಕೊಡೋಕೆ ಒಂದು ಟರ್ಮಿನಲ್ ಇಟ್ಟಿದ್ದಾರೆ. ಇದನ್ನು ಹೇಳಿದಾಗ ಕಾಕಾ ಬಹಳ ಹೊತ್ತು ನಕ್ಕರು.

ಡಿಕ್ಕಿ ಈಗ ಟಕ್ ಅನ್ನುತ್ತೆ. ಕಾಕಾ ಹಗ್ಗ ಬಿಚ್ಚಿದ್ದಾರೆ, ಆದರೆ ಎಸೆದಿಲ್ಲ, ಸೀಟಿನ ಕೆಳಗೆ ಇಟ್ಟುಕೊಂಡಿದ್ದಾರೆ. ಸೈಲೆನ್ಸರ್ ಇನ್ನೂ ಬಾಕಿ. ಮುಂದಿನ ರಜೆಯವರೆಗೆ ಕಾಯದೆ ಅದನ್ನು ಗ್ಯಾರೇಜಿನಲ್ಲಿ ವೆಲ್ಡ್ ಮಾಡಿಸಿ ಅಂತ ಫೋನಿನಲ್ಲಿ ಕಾಕಿಗೇ ಹೇಳಿದ್ದೇವೆ.