ಸುಟ್ಟ ಸುರುಳಿಯ ಲೆಕ್ಕ

ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಒಳಗೆ ತಿರುಗುವ ಓಣಿಯೊಂದರಲ್ಲಿ, ಇಬ್ಬರು ಕುಳಿತರೆ ಮೂರನೆಯವನು ಬೀದಿಯಲ್ಲಿಯೇ ನಿಲ್ಲಬೇಕಾದಷ್ಟು ಕಿರಿದಾದ ಅಂಗಡಿಯೊಳಗೆ, ಮಿಕ್ಸಿಯ ಮೋಟಾರುಗಳಿಗೆ ಪುನರ್ಜನ್ಮವನ್ನೀಯುವ ವೃದ್ಧರೊಬ್ಬರಿದ್ದಾರೆ. ತಮ್ಮ ಹೆಸರು ಪತ್ರಿಕೆಯಲ್ಲಿ ಬರುವುದು ಅವರಿಗೆ ಸಮ್ಮತವಲ್ಲವಾದುದರಿಂದ, ಓಣಿಯವರು ಕರೆಯುವಂತೆ ನಾನೂ ಅವರನ್ನು ಮೇಸ್ತ್ರಿಗಳೆಂದೇ ಕರೆಯುತ್ತೇನೆ. ಗೃಹೋಪಯೋಗಿ ಯಂತ್ರಗಳ ದುರಸ್ತಿಯನ್ನು ಕುರಿತು ಬರೆಯಬೇಕೆಂದು ಹೊರಟ ನನ್ನನ್ನು ಅಲ್ಲಿಯೇ ಕಟ್ಟಿಹಾಕಿದುದು ವಾರ್ನಿಷಿನ ಕಲೆಗಳಿಂದ ಬಿರುಸಾಗಿದ್ದ ಅವರ ಒಂದು ನೋಟ್‌ಬುಕ್ಕು.

ಮಿಕ್ಸಿಯನ್ನು ಮಾರುವ ಕಂಪೆನಿಗಳು ಅದರ ಮೋಟಾರಿನ ಸುರುಳಿಯಲ್ಲಿ ಎಷ್ಟು ಸುತ್ತುಗಳಿವೆ, ತಂತಿಯ ಗೇಜು ಯಾವುದು ಎಂಬುದನ್ನು ಕೊಳ್ಳುವವರಿಗೆ ತಿಳಿಸುವುದಿಲ್ಲ. ಆ ರಹಸ್ಯವನ್ನು ಮೇಸ್ತ್ರಿಗಳು ಮೋಟಾರಿನಲ್ಲಿ ತಿರುಗುವ ಭಾಗವಾದ, ಸುಟ್ಟುಹೋದ ಆರ್ಮೇಚರಿನಿಂದಲೇ ಓದಿ ತೆಗೆಯುತ್ತಾರೆ. ಮೊದಲು ಅದರ ಹಲ್ಲುಗಳ ನಡುವಣ ತೋಡುಗಳನ್ನು, ಆಮೇಲೆ ಸುರುಳಿಗಳಿಗೆ ವಿದ್ಯುತ್ತನ್ನು ಮುಟ್ಟಿಸುವ ಕಮ್ಯುಟೇಟರಿನ ತಾಮ್ರದ ಪಟ್ಟಿಗಳನ್ನು ಎಣಿಸಿ, ಸುರುಳಿಯ ತುದಿ ಯಾವ ತೋಡಿನಿಂದ ಹೊರಟು ಯಾವ ಪಟ್ಟಿಯನ್ನು ಸೇರಿದೆಯೆಂಬುದನ್ನು ಗುರುತು ಹಾಕಿಕೊಳ್ಳುವರು. ಬಳಿಕ, ಕಪ್ಪಾಗಿ ಒಂದಕ್ಕೊಂದು ಅಂಟಿಕೊಂಡಿರುವ ತಂತಿಯನ್ನು ಸುತ್ತು ಸುತ್ತಾಗಿ ಬಿಡಿಸುತ್ತ, ತುಟಿಯಲ್ಲಿಯೇ ಎಣಿಸುತ್ತ, ಯಾರಾದರೂ ನಡುವೆ ಮಾತನಾಡಿಸಿದರೆ ಎಡಗೈಯನ್ನೆತ್ತಿ ತಡೆಯುತ್ತ, ಕೊನೆಯ ಸುತ್ತು ಕೈಗೆ ಬಂದಾಗ ಮಾತ್ರ ಪೆನ್ಸಿಲನ್ನು ಹಿಡಿಯುವರು. ಎಣಿಕೆ ತಪ್ಪಿತೆಂಬ ಸಂಶಯ ಬಂದರೆ ಪಕ್ಕದ ಸುರುಳಿಯನ್ನು ಬಿಚ್ಚುವರು. ಇನಾಮಲನ್ನು ಕೆರೆದು ತಂತಿಯ ದಪ್ಪವನ್ನು ಮೈಕ್ರೋಮೀಟರಿನಲ್ಲಿ ಅಳೆಯುವರು. ಬಿಚ್ಚಿದ ತಾಮ್ರವನ್ನೆಲ್ಲ ತಕ್ಕಡಿಯಲ್ಲಿ ತೂಗಿ, ಆ ತೂಕವನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಡುವರು.

ಹೊಸ ಕಾಗದವನ್ನು ತೋಡುಗಳಲ್ಲಿ ಕೂರಿಸಿ ತಂತಿ ಸುತ್ತುವುದು, ವಾರ್ನಿಷ್ ಹಾಕಿ ದೀಪದ ಶಾಖದಲ್ಲಿ ಒಣಗಿಸುವುದು, ಇವೆಲ್ಲ ಅಭ್ಯಾಸಬಲದಿಂದ ನಡೆದುಹೋಗುವ ಕೆಲಸಗಳು. ಅವುಗಳ ವಿಷಯದಲ್ಲಿ ಮೇಸ್ತ್ರಿಗಳಿಗೇ ಉತ್ಸಾಹವಿಲ್ಲ. ಆ ನೋಟ್‌ಬುಕ್ಕನ್ನು ಮುಟ್ಟಿದರೆ ಮಾತ್ರ ಅವರ ಮಾತು ಬಿಚ್ಚಿಕೊಳ್ಳುತ್ತದೆ. ಈಗ ಮುಚ್ಚಿಹೋಗಿರುವ ಕಂಪೆನಿಗಳ ಮೋಟಾರುಗಳೂ ಅಲ್ಲಿ ಅಂಕಿಗಳಾಗಿ ಉಳಿದಿವೆ. ತಾಮ್ರದ ಬದಲು ಅಲ್ಯೂಮಿನಿಯಂ ತಂತಿಯನ್ನು ಸುತ್ತಿದ್ದ ಮೋಟಾರುಗಳ ಎದುರಿಗೆ ಕೆಂಪು ಶಾಯಿಯ ಗೀಟು ಎಳೆದಿದ್ದಾರೆ. ಇಂಜಿನಿಯರಿಂಗ್ ವಿದ್ಯಾಲಯವೊಂದು ಇಂತಹ ಪುಸ್ತಕವನ್ನು ಅಚ್ಚು ಹಾಕಿಸಬೇಕಾಗಿತ್ತೆಂಬುದು ನನ್ನ ಅಭಿಪ್ರಾಯ.

ನಮ್ಮ ದೇಶದ ಮಿಕ್ಸಿಯೇ ದುರಸ್ತಿ ಕಾಣದ ಯಂತ್ರವೊಂದರಿಂದ ಹುಟ್ಟಿತು. ಈ ಕತೆಯನ್ನು ಮೇಸ್ತ್ರಿಗಳು ಸ್ವಂತ ಮನೆತನದ ಕತೆಯೋ ಎಂಬಂತೆ ಹೇಳುತ್ತಾರೆ. 1963ರ ಸುಮಾರಿಗೆ ಮುಂಬಯಿಯಲ್ಲಿ ಮಾಧುರಿ ಮಾಥುರ್ ಎಂಬ ಗೃಹಿಣಿಯ ಜರ್ಮನ್ ಮಿಕ್ಸರು ಕೆಟ್ಟುಹೋಯಿತು. ಅದನ್ನು ಸರಿಪಡಿಸುವವರು ಇಲ್ಲಿ ದೊರೆಯಲಿಲ್ಲ. ಸೀಮೆನ್ಸ್ ಕಂಪೆನಿಯಲ್ಲಿ ಇಂಜಿನಿಯರಾಗಿದ್ದ ಪತಿ ಸತ್ಯಪ್ರಕಾಶ್ ಮಾಥುರ್, ನಮ್ಮ ಉದ್ದಿನಬೇಳೆ, ಒಣಕೊಬ್ಬರಿ, ಅರಿಸಿನಕೊಂಬುಗಳ ಕಾಠಿನ್ಯವನ್ನು ತಾಳಬಲ್ಲ ಮೋಟಾರನ್ನು ತಾವೇ ರೂಪಿಸಲು ಹೊರಟರು. ಆ ಯತ್ನವೇ ಸುಮೀತ್ ಮಿಕ್ಸಿಯಾಗಿ ಅಡುಗೆಮನೆಗಳನ್ನು ಪ್ರವೇಶಿಸಿ, ಒರಳುಕಲ್ಲನ್ನು ಹಿತ್ತಿಲಿಗೆ ಕಳುಹಿಸಿತು.

ಅಂಗಡಿಗೆ ಬರುವ ಯಂತ್ರಗಳಲ್ಲಿ ಎಷ್ಟೋ ನಿಜವಾಗಿ ಕೆಟ್ಟಿರುವುದಿಲ್ಲ. ನಾನು ಕುಳಿತಿದ್ದಾಗಲೇ ಒಬ್ಬಾಕೆ, ದೋಸೆಹಿಟ್ಟು ರುಬ್ಬುವಾಗ ನಿಂತುಹೋದ ಮಿಕ್ಸಿಯನ್ನು ಸೆರಗಿನ ಮರೆಯಲ್ಲಿ ಹೊತ್ತು ತಂದರು. ಮೇಸ್ತ್ರಿಗಳು ಅದನ್ನು ಬುಡಮೇಲು ಮಾಡಿ, ತಳದಲ್ಲಿದ್ದ ಕೆಂಪು ಗುಂಡಿಯನ್ನೊತ್ತಿ, ಸ್ವಿಚ್ಚು ತಿರುಗಿಸಿದರು, ಯಂತ್ರವು ಗರ್ಜಿಸಿತು. "ಅಕ್ಕಿ ಗಟ್ಟಿಯಾಗಿತ್ತೇನಮ್ಮಾ? ನೀರು ಸ್ವಲ್ಪ ಜಾಸ್ತಿ ಹಾಕಿ, ನಡುನಡುವೆ ನಿಲ್ಲಿಸಿ ರುಬ್ಬಿ," ಎಂದರು. ಹಣ ಕೊಡಲು ಬಂದಾಗ ಬೇಡವೆಂದರು. ಭಾರ ಹೆಚ್ಚಾದೊಡನೆ ವಿದ್ಯುತ್ತನ್ನು ಕಡಿದು ಮೋಟಾರನ್ನು ಕಾಯುವ ಆ ಗುಂಡಿಯ ಪರಿಚಯವಿಲ್ಲದೆ ಎಷ್ಟು ಮಿಕ್ಸಿಗಳು ಗುಜರಿ ಸೇರಿವೆಯೋ!

ಕೆಟ್ಟುದನ್ನು ಎಸೆಯದೆ ದುರಸ್ತಿ ಮಾಡಬೇಕೆಂಬ ದನಿ ಬೇರೆಡೆಯೂ ಎದ್ದಿದೆ. 2009ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಮಾರ್ಟೀನ್ ಪೋಸ್ಟ್ಮಾ ಎಂಬಾಕೆ ಆರಂಭಿಸಿದ, ಜನರು ಒಟ್ಟುಗೂಡಿ ಕೆಟ್ಟ ವಸ್ತುಗಳನ್ನು ಸರಿಪಡಿಸಿಕೊಳ್ಳುವ ರಿಪೇರಿ ಕೆಫೆಯ ಮಾದರಿ 2015ರಲ್ಲಿ ಬೆಂಗಳೂರಿಗೂ ಬಂದಿತು. 2022ರಲ್ಲಿ ಕೇಂದ್ರ ಸರಕಾರವು ದುರಸ್ತಿಯ ಹಕ್ಕನ್ನು ಕುರಿತು ಸಮಿತಿಯೊಂದನ್ನು ನೇಮಿಸಿತು. ಇವೆರಡೂ ಶ್ಲಾಘ್ಯವೇ ಸರಿ. ಆದರೆ ದಿನವಿಡೀ ಕುಳಿತು ಆರ್ಮೇಚರನ್ನು ಸುತ್ತಿದವನ ಕೂಲಿ, ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ ಆರ್ಮೇಚರಿನ ಬೆಲೆಯೊಡನೆ ಸೆಣಸಲಾರದೆ ಸೋಲುತ್ತಿರುವಾಗ, ಈ ವಿದ್ಯೆಯನ್ನು ಕಲಿಯಲು ಯಾವ ಹುಡುಗ ಬಂದಾನು? ಮೇಸ್ತ್ರಿಗಳ ಬಳಿ ಇದ್ದ ಕೊನೆಯ ಹುಡುಗ ಮೊಬೈಲ್ ರಿಪೇರಿಗೆ ಹೋದ.

ಈಚೆಗೆ ಬರುತ್ತಿರುವ ಕೆಲವು ಮಿಕ್ಸಿಗಳಲ್ಲಿ ಕಾರ್ಬನ್ ಬ್ರಷ್ಷೂ ಇಲ್ಲ, ಕಮ್ಯುಟೇಟರೂ ಇಲ್ಲ. ಮೋಟಾರನ್ನು ಆಳುವುದು ಒಂದು ಎಲೆಕ್ಟ್ರಾನಿಕ್ ಬೋರ್ಡು. ಅವು ವಿದ್ಯುತ್ತನ್ನು ಉಳಿಸುತ್ತವೆ, ಸದ್ದೂ ಕಡಮೆ ಎಂಬುದನ್ನು ಮೇಸ್ತ್ರಿಗಳು ಒಪ್ಪುತ್ತಾರೆ. ಆದರೆ ತಮ್ಮ ಕೈಗೆ ಬಂದ ಒಂದರ ಬೋರ್ಡಿನ ಮೇಲೆ ಗಟ್ಟಿಯಾದ ರಾಳವನ್ನು ಎರೆದು ಮುಚ್ಚಿದ್ದುದನ್ನು ನನಗೆ ತೋರಿಸಿದರು. ಉಳಿಯಿಂದ ಅದರ ಮೂಲೆಯನ್ನು ಕೆತ್ತಲು ಹೋದಾಗ ರಾಳದೊಡನೆ ಬಿಡಿಭಾಗಗಳೂ ಕಿತ್ತುಬಂದಿದ್ದವು. ನೋಟ್‌ಬುಕ್ಕಿನಲ್ಲಿ ಆ ಮಿಕ್ಸಿಗೂ ಒಂದು ಪುಟ ಮೀಸಲಿದೆ: ಮೇಲೆ ಹೆಸರು, ವ್ಯಾಟು, ತಾರೀಕು, ಕೆಳಗೆ ಇನ್ನೂ ಏನೂ ಬರೆದಿಲ್ಲ. "ಇಂಥದೇ ಇನ್ನೊಂದು ಕೆಟ್ಟದ್ದು ಯಾರ ಮನೇಲಾದರೂ ಇದ್ದರೆ ಗುಜರಿಗೆ ಹಾಕಬೇಡಿ ಅನ್ನಿ ಸ್ವಾಮಿ, ನನಗೆ ಬೇಕು," ಎಂದರು.