ಒಂದು ಡಬ್ಬಿಯಲ್ಲಿ ಇಡೀ ದಿನದ ಲೆಕ್ಕ

ಪ್ರಶ್ನೆ: ಸಕ್ಕರೆ ಕಾಯಿಲೆಗೆ ತೋರಿಸಲು ಹೋದಾಗ ಡಾಕ್ಟರು ಮೂತ್ರದಲ್ಲಿ ಅಲ್ಬುಮಿನ್ ಎಂಬ ಪ್ರೋಟೀನ್ ಜೊತೆ ಕ್ರಿಯಾಟಿನಿನ್ ಕೂಡ ನೋಡಿಸಲು ಬರೆದರು. ಪ್ರೋಟೀನ್ ಒಂದೇ ಸಾಲದೆ?

ಉತ್ತರ: ಸಾಲದು. ನೀವು ಕುಡಿಯುವ ನೀರೇ ಅಡ್ಡಿ. ಎರಡು ಚೊಂಬು ನೀರು ಕುಡಿದು ಹೋದರೆ ಮೂತ್ರ ತೆಳುವಾಗಿ ಅಲ್ಬುಮಿನ್ ಕಡಿಮೆ ಕಾಣುತ್ತದೆ. ಬಿಸಿಲಲ್ಲಿ ಬೆವರಿ ಬಂದರೆ ಹೆಚ್ಚು. ಸ್ನಾಯುಗಳಿಂದ ಹುಟ್ಟುವ ಕ್ರಿಯಾಟಿನಿನ್ ಎಂಬ ಕಸವಾದರೋ ದಿನಕ್ಕೆ ಹೆಚ್ಚುಕಮ್ಮಿ ಒಂದು ಗ್ರಾಮಿನಂತೆ, ಬಹುಪಾಲು ಒಂದೇ ವೇಗದಲ್ಲಿ ಮೂತ್ರಕ್ಕೆ ಇಳಿಯುತ್ತದೆ. ನೀರು ಹೆಚ್ಚಾದರೆ ಎರಡೂ ಒಟ್ಟಿಗೆ ತೆಳುವಾಗುತ್ತವೆ. ಒಂದನ್ನು ಇನ್ನೊಂದರಿಂದ ಭಾಗಿಸಿದ ಅಂಕಿ ಅಷ್ಟಾಗಿ ಕದಲುವುದಿಲ್ಲ. ಹಿಂದೆ ನೀರಿನ ಈ ಏರುಪೇರು ತಪ್ಪಿಸಲು 24 ಗಂಟೆಯ ಮೂತ್ರವನ್ನೆಲ್ಲ ಕ್ಯಾನಿನಲ್ಲಿ ಹಿಡಿದಿಡಬೇಕಿತ್ತು. ಅಂದೇ ಮದುವೆಮನೆಗೆ ಹೋಗಬೇಕಾದವರ ಪಾಡು ಕೇಳಬೇಡಿ! ಅದಕ್ಕೂ ಮೊದಲು, 1827ರ ಸುಮಾರಿಗೆ, ಲಂಡನ್ನಿನ ವೈದ್ಯ ರಿಚರ್ಡ್ ಬ್ರೈಟ್ ಚಮಚದಲ್ಲಿ ಮೂತ್ರ ಕಾಯಿಸಿ, ಅದು ಮೊಟ್ಟೆಯ ಬಿಳಿಯಂತೆ ಗಟ್ಟಿಯಾಗುತ್ತದೆಯೇ ಎಂದು ನೋಡುತ್ತಿದ್ದರು.

ಒಂದು ಗ್ರಾಂ ಕ್ರಿಯಾಟಿನಿನ್‌ಗೆ ಅಲ್ಬುಮಿನ್ 30 ಮಿಲಿಗ್ರಾಂ ಒಳಗಿದ್ದರೆ ಸಾಮಾನ್ಯ. 300 ದಾಟಿದರೆ ಮೂತ್ರಪಿಂಡದಿಂದ ಅಲ್ಬುಮಿನ್ ಸೋರಿಕೆ ಜೋರು. ನಡುವೆ ಬಂದರೆ ಒಮ್ಮೆಲೇ ಗಾಬರಿ ಬೇಡ. ಜ್ವರ, ಮೂತ್ರದ ಸೋಂಕು, ಹಿಂದಿನ ದಿನದ ಜೋರು ಓಟವೂ ಅಂಕಿ ಏರಿಸುತ್ತವೆ. ಮೂರು ತಿಂಗಳಲ್ಲಿ ಒಂದೆರಡು ಸಲ ಮತ್ತೆ ಮಾಡಿಸಿ, ಬೆಳಗಿನ ಮೊದಲ ಮೂತ್ರವನ್ನೇ ಕೊಡಿ.