ಬುತ್ತಿ ಕಟ್ಟಿದವರು ಯಾರು?

2014ರ ಒಂದು ಭಾನುವಾರ. ಮನೆಯ ಪುಸ್ತಕಗಳ ಪಟ್ಟಿಯನ್ನು ಅಕಾರಾದಿಯಾಗಿ ಜೋಡಿಸೋಣವೆಂದು ಪೈಥಾನ್ ಭಾಷೆಯಲ್ಲಿ ಹತ್ತಿಪ್ಪತ್ತು ಸಾಲು ಬರೆದಿದ್ದೆ. ನನ್ನ ಮ್ಯಾಕ್ ಯಂತ್ರದ ಟರ್ಮಿನಲ್ ಕಿಟಕಿಯಲ್ಲಿ ಓಡಿಸಿದರೆ ಕನ್ನಡದ ಹೆಸರುಗಳು ಸಾಲಾಗಿ ಬಂದವು. ಅದೇ ಪ್ರೋಗ್ರಾಮನ್ನು ಈಮ್ಯಾಕ್ಸ್ ಎಂಬ ಎಡಿಟರ್‌ನ ಒಳಗಿಂದ ಓಡಿಸಿದೆ. ಮೊದಲ ಕನ್ನಡ ಅಕ್ಷರಕ್ಕೇ ಮುಗ್ಗರಿಸಿತು. 'ಈ ಅಕ್ಷರ ನನಗೆ ಬರೆಯಲು ಬಾರದು' ಎಂಬರ್ಥದ ಇಂಗ್ಲಿಷ್ ದೂರು ಬೇರೆ. ಯಂತ್ರ ಅದೇ, ಕಡತ ಅದೇ. ಫಾಂಟನ್ನು ಬೈದೆ, ಯೂನಿಕೋಡನ್ನು ಬೈದೆ. ಸಂಜೆಯಾಯಿತು.

ತಪ್ಪು ಇದ್ದದ್ದು ಎನ್ವಿರಾನ್‌ಮೆಂಟ್‌ನಲ್ಲಿ. ಇದು ಗಿಡಮರಗಳ ಪರಿಸರವಲ್ಲ. ಯೂನಿಕ್ಸ್ ಮನೆತನದ ಯಂತ್ರಗಳಲ್ಲಿ, ಅಂದರೆ ಲಿನಕ್ಸ್, ಮ್ಯಾಕ್‌ಗಳಲ್ಲಿ, ಪ್ರೋಗ್ರಾಮು ತಾನಾಗಿ ಹುಟ್ಟುವುದಿಲ್ಲ. ಇನ್ನೊಂದು ಪ್ರೋಗ್ರಾಮು ಅದನ್ನು ಹುಟ್ಟಿಸಬೇಕು. ಹುಟ್ಟಿಸುವಾಗ ತಾಯಿ ಒಂದು ಬುತ್ತಿ ಕಟ್ಟಿಕೊಡುತ್ತದೆ. ಬುತ್ತಿಯಲ್ಲಿರುವುದು 'ಹೆಸರು=ಬೆಲೆ' ಎಂಬ ರೂಪದ ಚೀಟಿಗಳು. 1979ರಲ್ಲಿ ಬೆಲ್ ಲ್ಯಾಬ್ಸ್‌ನಿಂದ ಹೊರಬಂದ ಯೂನಿಕ್ಸ್‌ನ 7ನೇ ಆವೃತ್ತಿಯ ಕಾಲದಿಂದ ಈ ಪದ್ಧತಿ ನಡೆದುಬಂದಿದೆ. 'ಪಾತ್' ಎಂಬ ಚೀಟಿಯಲ್ಲಿ ಪ್ರೋಗ್ರಾಮುಗಳನ್ನು ಯಾವ ಯಾವ ಡೈರೆಕ್ಟರಿಗಳಲ್ಲಿ ಹುಡುಕಬೇಕೆಂದು ಬರೆದಿರುತ್ತದೆ. 'ಲ್ಯಾಂಗ್' ಎಂಬುದರಲ್ಲಿ ಯಾವ ಭಾಷೆ, ಯಾವ ಅಕ್ಷರ ಸಂಕೇತ ಎಂದು.

ಬುತ್ತಿ ಕೊಟ್ಟ ಮೇಲೆ ಮುಗಿಯಿತು. ಮಗು ಅದರಲ್ಲಿ ಏನು ಬದಲಿಸಿದರೂ ತಾಯಿಗೆ ತಿಳಿಯದು. ತಾಯಿ ಆಮೇಲೆ ಅಡುಗೆಮನೆಯಲ್ಲಿ ಏನು ಸೇರಿಸಿದರೂ ಹೊರಟುಹೋದ ಮಗುವಿಗೆ ದಕ್ಕದು.

ಈಗ ನನ್ನ ಭಾನುವಾರಕ್ಕೆ ಬನ್ನಿ. ಟರ್ಮಿನಲ್‌ನಲ್ಲಿ ನಮ್ಮ ಆಜ್ಞೆಗೆ ಕಿವಿಗೊಡುವ ಶೆಲ್, ನಾವು ಬರೆದಿಟ್ಟ ಪ್ರೊಫೈಲ್ ಕಡತವನ್ನು ಓದಿ ತುಂಬಿದ ಬುತ್ತಿ ಕಟ್ಟುತ್ತದೆ. ಎಡಿಟರನ್ನು ನಾನು ತೆರೆದದ್ದು ತೆರೆಯ ಕೆಳಗಿನ ಚಿತ್ರದ ಮೇಲೆ ಒತ್ತಿ. ಆಗ ಅದರ ತಾಯಿ ಶೆಲ್ ಅಲ್ಲ. ಮ್ಯಾಕ್‌ನಲ್ಲಿ ಹೀಗೆ ಹೊರಟವರ 'ಪಾತ್' ಚೀಟಿಯಲ್ಲಿ ಸಿಗುವುದು ವ್ಯವಸ್ಥೆಯ ನಾಲ್ಕೇ ಡೈರೆಕ್ಟರಿಗಳು. 'ಲ್ಯಾಂಗ್' ಚೀಟಿ ಇಲ್ಲವೇ ಇಲ್ಲ. ಎಡಿಟರ್‌ಗೆ ಇಲ್ಲದ್ದು ಅದರ ಮಗುವಾದ ಪೈಥಾನ್‌ಗೆ ಎಲ್ಲಿಂದ ಬರಬೇಕು? ಅಂದಿನ ಪೈಥಾನ್, ಚೀಟಿ ಕಾಣದಿದ್ದರೆ ಆಸ್ಕಿ ಎಂದುಕೊಳ್ಳುತ್ತಿತ್ತು. ಆಸ್ಕಿಯಲ್ಲಿರುವುದು 128 ಸಂಕೇತಗಳು, ಕನ್ನಡಕ್ಕೆ ಅಲ್ಲಿ ಜಾಗವಿಲ್ಲ. 2018ರ 3.7ನೇ ಆವೃತ್ತಿ ಈ ಹಟವನ್ನು ಸಡಿಲಿಸಿತು. ಈಚಿನ ಈಮ್ಯಾಕ್ಸ್ ಕೂಡ ಮ್ಯಾಕ್‌ನಲ್ಲಿ ಭಾಷೆಯ ಚೀಟಿಯನ್ನು ತಾನೇ ಬರೆದುಕೊಳ್ಳುತ್ತದೆ. 'ಪಾತ್' ಕಥೆ ಮಾತ್ರ ಹಳೆಯದೇ.

ಈಮ್ಯಾಕ್ಸ್‌ನಲ್ಲಿ ಮಕ್ಕಳ ಬುತ್ತಿ 'ಪ್ರೊಸೆಸ್-ಎನ್ವಿರಾನ್‌ಮೆಂಟ್' ಎಂಬ ಪಟ್ಟಿಯಲ್ಲಿರುತ್ತದೆ. 'ಸೆಟ್‌ಎನ್ವಿ' ಎಂಬ ಆಜ್ಞೆಯಿಂದ ಚೀಟಿ ಸೇರಿಸಬಹುದು. ಆ ಬಳಿಕ ಹುಟ್ಟುವ ಮಕ್ಕಳಿಗಷ್ಟೇ ಅದು ಸಿಗುತ್ತದೆ. ಎಡಿಟರ್ ಒಳಗೆ ಮೊದಲೇ ತೆರೆದಿಟ್ಟ ಶೆಲ್ಲನ್ನು ಮುಚ್ಚಿ ಮತ್ತೆ ತೆರೆಯಬೇಕು. 1991ರಲ್ಲಿ ಬ್ರಾಮ್ ಮೂಲೆನಾರ್ ಹೊರತಂದ ವಿಮ್‌ನಲ್ಲಿ ಡಾಲರ್ ಚಿಹ್ನೆ ಹಚ್ಚಿ 'ಲೆಟ್' ಎಂದರೆ ಕೆಲಸವಾಯಿತು.

ಈಮ್ಯಾಕ್ಸ್‌ನಲ್ಲಿ ಇನ್ನೊಂದು ಗುಂಡಿ ಇದೆ, ಬಹಳ ಜನ ಬೀಳುವಂಥದು. ಶುರುವಾಗುವಾಗಲೇ ಅದು 'ಪಾತ್' ಚೀಟಿಯನ್ನು ಓದಿ 'ಎಕ್ಸೆಕ್-ಪಾತ್' ಎಂಬ ತನ್ನದೇ ಪಟ್ಟಿ ಮಾಡಿಕೊಳ್ಳುತ್ತದೆ. ತಾನೇ ನೇರವಾಗಿ ಪ್ರೋಗ್ರಾಮು ಹುಡುಕುವಾಗ ನೋಡುವುದು ಈ ಪಟ್ಟಿಯನ್ನು. ನೀವು 'ಪಾತ್' ಒಂದನ್ನೇ ತಿದ್ದಿದರೆ, ಶೆಲ್ ಮೂಲಕ ಹೋಗುವ ಕೆಲಸಗಳು ನಡೆಯುತ್ತವೆ, ಕಾಗುಣಿತ ನೋಡುವ ಪ್ರೋಗ್ರಾಮು ಮಾತ್ರ ಸಿಗುವುದಿಲ್ಲ. ಎರಡನ್ನೂ ತಿದ್ದಬೇಕು. ಶೆಲ್ಲನ್ನು ಒಮ್ಮೆ ಓಡಿಸಿ, 'ನಿನ್ನ ಬುತ್ತಿಯಲ್ಲೇನಿದೆ?' ಎಂದು ಕೇಳಿ ನಕಲು ಮಾಡಿಕೊಳ್ಳುವ ಪ್ಯಾಕೇಜೂ ಉಂಟು. ನಾನು ಈಗ ಅದನ್ನೇ ನೆಚ್ಚಿಕೊಂಡಿದ್ದೇನೆ.

ಹಾಗೆಂದು ಪಾಸ್‌ವರ್ಡುಗಳನ್ನೂ ಬುತ್ತಿಗೆ ತುರುಕುವ ಅಭ್ಯಾಸ ನನಗೆ ಹಿಡಿಸದು. ಬುತ್ತಿ ಎಲ್ಲ ಮಕ್ಕಳಿಗೂ ಹೋಗುತ್ತದೆ. ಕಾಗುಣಿತ ನೋಡುವವನಿಗೆ ತಿಜೋರಿಯ ಕೀಲಿ ಏಕೆ? ಒಂದು ಕೆಲಸಕ್ಕೆ ಮಾತ್ರ ಬೇಕಾದ ಚೀಟಿಯನ್ನು ಆ ಕೆಲಸದ ಮಟ್ಟಿಗೆ ಸೇರಿಸಿ, ಮುಗಿದೊಡನೆ ಪಟ್ಟಿ ಮೊದಲಿನಂತಾಗುವ ಏರ್ಪಾಡು ಈಮ್ಯಾಕ್ಸ್‌ನ ಲಿಸ್ಪ್ ಭಾಷೆಯಲ್ಲಿದೆ.

ನಿಮಗೂ ಹೀಗಾದರೆ ಟರ್ಮಿನಲ್‌ನಲ್ಲಿ 'ಎನ್ವ್' ಎಂದು ಟೈಪು ಮಾಡಿ ನೋಡಿ. ಎಡಿಟರ್ ಒಳಗಿಂದಲೂ ಅದನ್ನೇ ಓಡಿಸಿ. ಈಮ್ಯಾಕ್ಸ್‌ನಲ್ಲಾದರೆ ಮೆಟಾ ಕೀಲಿಯೊಡನೆ ಆಶ್ಚರ್ಯಸೂಚಕ ಚಿಹ್ನೆ ಒತ್ತಿದರೆ ಆಜ್ಞೆ ಕೇಳುತ್ತದೆ. ಎರಡು ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟುಕೊಳ್ಳಿ. ನಾನು ಅದನ್ನು ಮಾಡಿದ್ದು ರಾತ್ರಿ ಊಟವಾದ ಮೇಲೆ. ಟರ್ಮಿನಲ್‌ನದು ಉದ್ದದ ಪಟ್ಟಿ, ಎಡಿಟರ್‌ನದು ಗಿಡ್ಡ. 'ಲ್ಯಾಂಗ್' ಇರಬೇಕಾದ ಸಾಲು ಅಲ್ಲಿ ಇರಲಿಲ್ಲ.